ಕ್ರಯವೋ, ದಾನವೋ, ಪಾಲೋ, ವಿಲ್ಲೋ: ಮನೆ, ತೋಟ, ಷೇರು ಮಕ್ಕಳ ಹೆಸರಿಗೆ ಮಾಡುವ ಮುನ್ನ

ದಾವಣಗೆರೆಯ ಯಾವ ಪತ್ರ ಬರಹಗಾರರ ಹತ್ತಿರ ಹೋಗಿ ಕೂತರೂ, ಬಂದವರೆಲ್ಲ ಮೊದಲು ಕೇಳುವುದು ಒಂದೇ ಮಾತು: "ಖರ್ಚು ಎಷ್ಟು ಬರುತ್ತೆ?" ನಾನೂ ಅದನ್ನೇ ಕೇಳಿದ್ದೆ. ನಮ್ಮ ಪತ್ರ ಬರಹಗಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಖರ್ಚು ಆಮೇಲೆ. ಅಪ್ಪಾಜಿ ಇರೋವರೆಗೆ ಮನೆ ಯಾರ ಕೈಲಿರಬೇಕು, ಅದನ್ನ ಹೇಳ್ರಿ" ಅಂದರು. ಅದಕ್ಕೆ ಉತ್ತರ ಹುಡುಕಲು ನಮಗೆ ನಾಲ್ಕು ತಿಂಗಳು ಹಿಡಿಯಿತು.

ನಮ್ಮ ಮನೆಯ ಲೆಕ್ಕ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಅಪ್ಪಾಜಿಗೆ 76. ಅಮ್ಮ ಇಲ್ಲ. ನಾನು, ನನ್ನ ತಂಗಿ, ಇಬ್ಬರೇ ಮಕ್ಕಳು. ವಿದ್ಯಾನಗರದಲ್ಲಿ ಒಂದು ಮನೆ, ಅಪ್ಪಾಜಿ ತಮ್ಮ ಸಂಬಳದಲ್ಲೇ ಸೈಟು ತಗೊಂಡು ಕಟ್ಟಿಸಿದ್ದು. ಚನ್ನಗಿರಿ ಕಡೆ ಮೂರು ಎಕರೆ ಅಡಿಕೆ ತೋಟ, ಮುತ್ತಜ್ಜನಿಂದ ಬಂದದ್ದು. ಒಂದು ಡಿಮ್ಯಾಟ್ ಖಾತೆ, ಅಂದರೆ ಷೇರುಗಳನ್ನ ಕಾಗದವಿಲ್ಲದೆ ಕಂಪ್ಯೂಟರಿನಲ್ಲೇ ಇಡುವ ಖಾತೆ. ಜೊತೆಗೆ ಟ್ರಂಕಿನ ತಳದಲ್ಲಿ ಹಳದಿ ಬಣ್ಣಕ್ಕೆ ತಿರುಗಿದ ಒಂದು ಗಿರಣಿಯ ಷೇರು ಪತ್ರ. ದಾವಣಗೆರೆ ಹತ್ತಿ ಗಿರಣಿಗಳ ಊರಾಗಿದ್ದ ಕಾಲದ್ದು. "ಎಲ್ಲಾ ಒಂದೇ ಸಲ ನಿಮ್ಮಿಬ್ಬರ ಹೆಸರಿಗೆ ಮಾಡಿಬಿಡ್ತೀನಿ, ನಿರಾಳ" ಅಂತ ಅಪ್ಪಾಜಿ. ಅದು ಒಂದೇ ಸಲಕ್ಕೆ ಆಗುವ ಕೆಲಸವಾಗಿರಲಿಲ್ಲ. ಒಂದೊಂದಕ್ಕೂ ಬೇರೆ ಬೇರೆ ಕಾಗದ ಬೇಕಾಯಿತು.

ದುಡ್ಡು ಯಾರ ಖಜಾನೆಗೆ?

ಇದು ಗೊತ್ತಿದ್ದರೆ ಮುಂದಿನ ಲೆಕ್ಕ ಸಲೀಸು. ಆಸ್ತಿ ಕೈ ಬದಲಾದಾಗ ಕಟ್ಟುವ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಎರಡೂ ರಾಜ್ಯ ಸರ್ಕಾರದ್ದು. 2025-26ರ ಬಜೆಟ್‌ನಲ್ಲಿ ಕರ್ನಾಟಕ ಈ ಬಾಬ್ತಿಗೆ ಇಟ್ಟುಕೊಂಡ ಗುರಿ 28,000 ಕೋಟಿ ರೂಪಾಯಿ. ಅದೇ ಬಜೆಟ್‌ನಲ್ಲಿ ವಾಣಿಜ್ಯ ತೆರಿಗೆಗೆ 1.20 ಲಕ್ಷ ಕೋಟಿ, ಅಬಕಾರಿಗೆ 40,000 ಕೋಟಿ, ಮೋಟಾರು ವಾಹನಕ್ಕೆ 15,000 ಕೋಟಿ ಅಂದಾಜು ಮಾಡಿದ್ದರು. ಅಂದರೆ ನಾವು ನೀವು ಸೈಟು ರಿಜಿಸ್ಟರ್ ಮಾಡಿಸುವುದರಿಂದ ಬರುವ ದುಡ್ಡು ರಾಜ್ಯಕ್ಕೆ ಮೂರನೇ ದೊಡ್ಡ ಸ್ವಂತ ತೆರಿಗೆ. ಜಿಎಸ್‌ಟಿ ಬಂದಮೇಲೆ ರಾಜ್ಯ ತಾನೇ ದರ ಏರಿಸಿ ಇಳಿಸಬಹುದಾದ ತೆರಿಗೆಗಳು ಉಳಿದಿರುವುದೇ ಕೆಲವು. ಸರ್ಕಾರಕ್ಕೆ ದುಡ್ಡು ಬೇಕಾದಾಗ ಇವುಗಳ ಮೇಲೆ ಕಣ್ಣು ಬೀಳುವುದು ಸಹಜ. 2023ರ ಅಕ್ಟೋಬರ್ 1ರಿಂದ ಮಾರ್ಗಸೂಚಿ ಬೆಲೆ, ಅಂದರೆ ಶುಲ್ಕದ ಲೆಕ್ಕಕ್ಕೆ ಸರ್ಕಾರವೇ ಗೊತ್ತುಮಾಡುವ ಬೆಲೆ, ಏರಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಹೋಯಿತು.

ಮನೆ ಕಂದಾಯ ಬೇರೆ. ಪ್ರತಿ ವರ್ಷ ಕಟ್ಟುವ ಅದು ಮಹಾನಗರ ಪಾಲಿಕೆಗೆ ಸೇರುತ್ತದೆ, ವಿಧಾನಸೌಧಕ್ಕಲ್ಲ. ಆಸ್ತಿ ಮಾರಿ ಲಾಭ ಬಂದರೆ ಅದರ ಮೇಲಿನ ತೆರಿಗೆ ಕೇಂದ್ರದ್ದು.

ಷೇರಿನ ಕಥೆ ಇನ್ನೂ ಮಜವಾಗಿದೆ. ಷೇರು ವರ್ಗಾವಣೆಯ ಮುದ್ರಾಂಕ ಶುಲ್ಕದ ದರ ನಿಗದಿ ಮಾಡುವುದು ಕೇಂದ್ರ, ದುಡ್ಡು ಮಾತ್ರ ರಾಜ್ಯಕ್ಕೆ. ಸಂವಿಧಾನದ 268ನೇ ವಿಧಿಯಲ್ಲೇ ಈ ಏರ್ಪಾಡು ಇದೆ. 2020ರ ಜುಲೈ 1ರಿಂದ ಇಡೀ ದೇಶಕ್ಕೆ ಒಂದೇ ದರ: ಡೆಲಿವರಿ ತಗೊಂಡರೆ ಶೇ 0.015, ಅವತ್ತೇ ತಗೊಂಡು ಅವತ್ತೇ ಮಾರಿದರೆ ಶೇ 0.003. ಅದನ್ನ ಕಟ್ಟುವುದು ಷೇರು ಕೊಳ್ಳುವವರು. ಕೊಳ್ಳುವವರು ಯಾವ ರಾಜ್ಯದಲ್ಲಿ ವಾಸವಾಗಿದ್ದಾರೋ ಆ ರಾಜ್ಯಕ್ಕೆ ದುಡ್ಡು ಹೋಗುತ್ತದೆ. ವಿದ್ಯಾನಗರದಲ್ಲಿ ಕೂತು ಮೊಬೈಲಿನಲ್ಲಿ ಒಂದು ಲಕ್ಷದ ಷೇರು ತಗೊಂಡರೆ, ವಿನಿಮಯ ಕೇಂದ್ರ ಮುಂಬೈಯಲ್ಲಿದ್ದರೂ 15 ರೂಪಾಯಿ ಬರುವುದು ಕರ್ನಾಟಕಕ್ಕೆ. ಅದರ ಜೊತೆ ಕಟ್ಟುವ ಷೇರು ವಹಿವಾಟು ತೆರಿಗೆ, ಅಂದರೆ ಎಸ್‌ಟಿಟಿ, ಲಕ್ಷಕ್ಕೆ 100 ರೂಪಾಯಿ. ಅದು ಕೇಂದ್ರದ್ದು.

ಅದೇ ಒಂದು ಲಕ್ಷವನ್ನು ದಾವಣಗೆರೆಯಲ್ಲಿ ಸೈಟಿಗೆ ಹಾಕಿದರೆ ಸರ್ಕಾರಕ್ಕೆ 7,600 ರೂಪಾಯಿ. 15 ಎಲ್ಲಿ, 7,600 ಎಲ್ಲಿ! ಹಾಗಂತ ಸೈಟು ಬಿಟ್ಟು ಷೇರು ತಗೊಳ್ಳಿ ಅಂತ ಹೇಳುತ್ತಿಲ್ಲ. ಸೈಟು ಒಂದು ಸಲ ಕೈ ಬದಲಾದರೆ ಒಂದು ತಲೆಮಾರು ಅಲ್ಲೇ ಇರುತ್ತದೆ. ಷೇರು ದಿನಕ್ಕೆ ನಾಲ್ಕು ಸಲ ಕೈ ಬದಲಾಗಬಹುದು.

ಕ್ರಯ: ಹೊರಗಿನವರಿಗೆ ಸರಿ, ಮಗನಿಗೆ ಯಾಕೆ?

ಅಪ್ಪಾಜಿಯ ಸ್ನೇಹಿತರೊಬ್ಬರ ಸಲಹೆ ಹೀಗಿತ್ತು: "ಮಗನ ಹೆಸರಿಗೆ ಕ್ರಯ ಮಾಡಿಕೊಡಿ. ಕ್ರಯ ಪತ್ರದಷ್ಟು ಗಟ್ಟಿ ಇನ್ನೊಂದಿಲ್ಲ." ಗಟ್ಟಿ ಹೌದು. ಖರ್ಚು ನೋಡಿ.

ಮನೆಯ ಮಾರ್ಗಸೂಚಿ ಬೆಲೆ 40 ಲಕ್ಷ ಅಂತ ಇಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅಂದರೆ 2 ಲಕ್ಷ. ಆ 2 ಲಕ್ಷದ ಮೇಲೆ ಶೇ 10 ಸೆಸ್, 20,000. ಪಟ್ಟಣದಲ್ಲಾದರೆ ಶೇ 2 ಸರ್‌ಚಾರ್ಜ್, 4,000. ಹಳ್ಳಿಯಲ್ಲಾದರೆ ಶೇ 3. ಆಮೇಲೆ ನೋಂದಣಿ ಶುಲ್ಕ ಶೇ 2, 80,000. ಒಟ್ಟು 3,04,000 ರೂಪಾಯಿ. ಅಪ್ಪ ಮಗನಿಗೆ ಮಾರಿದರೂ ಇಷ್ಟೇ, ಅಪರಿಚಿತರಿಗೆ ಮಾರಿದರೂ ಇಷ್ಟೇ. ಇದರ ಮೇಲೆ ಅಪ್ಪನಿಗೆ ಲಾಭದ ತೆರಿಗೆ. ಮಗ ದುಡ್ಡು ಕೊಟ್ಟಿದ್ದಕ್ಕೆ ಬ್ಯಾಂಕಿನ ದಾಖಲೆ ಬೇಕು. ಸುಮ್ನೆ ಹೆಸರಿಗೆ ಮಾತ್ರ ಕ್ರಯ ಅಂತ ಬರೆಸಿ ದುಡ್ಡೇ ಕೊಡದಿದ್ದರೆ, ನಾಳೆ ತಂಗಿ ಕೋರ್ಟಿಗೆ ಹೋದ ದಿನ ಆ ಗಟ್ಟಿತನ ಕರಗುತ್ತದೆ.

ಇಲ್ಲೊಂದು ಎಚ್ಚರಿಕೆ. ಇಂಟರ್ನೆಟ್‌ನಲ್ಲಿ ಹುಡುಕಿದರೆ "45 ಲಕ್ಷದವರೆಗೆ ಶೇ 3, 20 ಲಕ್ಷದೊಳಗೆ ಶೇ 2" ಅಂತ ಎಲ್ಲ ಕಡೆ ಬರುತ್ತದೆ. ನಾನೂ ಅದನ್ನ ನಂಬಿ ಲೆಕ್ಕ ಹಾಕಿಕೊಂಡು ಹೋಗಿದ್ದೆ. ಆ ರಿಯಾಯಿತಿ ಹೊಸ ಫ್ಲ್ಯಾಟು ಮೊದಲ ಸಲ ಮಾರಾಟವಾಗುವಾಗ ಮಾತ್ರ. ಸೈಟಿಗಿಲ್ಲ, ಹಳೆ ಮನೆಗಿಲ್ಲ, ತೋಟಕ್ಕಿಲ್ಲ.

ಹೊರಗಿನವರಿಂದ ಆಸ್ತಿ ತಗೊಳ್ಳುವವರಿಗೆ ಇನ್ನೊಂದು ಆಯ್ಕೆ ಎದುರಾಗುತ್ತದೆ. ಅದನ್ನ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ: ಪತ್ರದಲ್ಲಿ ನಿಜವಾದ ಬೆಲೆ ಬರೆಸುವುದೋ, ಮಾರ್ಗಸೂಚಿ ಬೆಲೆಗೇ ನಿಲ್ಲಿಸುವುದೋ? ಶುಲ್ಕ ಲೆಕ್ಕ ಹಾಕುವುದು ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ. 60 ಲಕ್ಷಕ್ಕೆ ಮಾತಾಡಿಕೊಂಡು, 40 ಲಕ್ಷ ಅಂತ ಬರೆಸಿ, ಉಳಿದ 20 ಲಕ್ಷ ಕೈಯಲ್ಲಿ ಕೊಟ್ಟರೆ 1,52,000 ರೂಪಾಯಿ ಶುಲ್ಕ ಉಳಿಯಿತು ಅಂತ ಖುಷಿ. ಕಾನೂನಿನ ಪ್ರಕಾರ ಅದು ತಪ್ಪು, ಅದಿರಲಿ. ಲೆಕ್ಕದಲ್ಲೂ ಅದು ಪೆದ್ದುತನ. ಮುಂದೆ ನೀವು ಮಾರುವಾಗ ನಿಮ್ಮ ಕೊಂಡ ಬೆಲೆ 40 ಲಕ್ಷ ಅಂತಲೇ ಹಿಡಿಯುತ್ತಾರೆ. ಆ 20 ಲಕ್ಷವೂ ಲಾಭದ ಲೆಕ್ಕಕ್ಕೆ ಸೇರುತ್ತದೆ. ಈಗಿನ ದರ ಶೇ 12.5, ಅಂದರೆ ಎರಡೂವರೆ ಲಕ್ಷ. ಬ್ಯಾಂಕ್ ಸಾಲವೂ ಪತ್ರದ ಬೆಲೆ ನೋಡಿಯೇ. ಇನ್ನು ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಮುಟ್ಟಿದ ಮೇಲೆ ಮುಂಗಡವನ್ನು ನಗದಾಗಿ ಇಸಿದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಮಾರುವವರಿಗೆ ಮೊದಲೇ ಇದನ್ನ ಹೇಳಿಬಿಡಿ. ಅರ್ಧ ಜನ ತಾವಾಗಿಯೇ ಚೆಕ್ಕಿಗೆ ಒಪ್ಪುತ್ತಾರೆ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರೇ ಶೇ 1 ತೆರಿಗೆ ಹಿಡಿದು ಕಟ್ಟಬೇಕು, ಹಳ್ಳಿಯ ಕೃಷಿ ಜಮೀನು ಬಿಟ್ಟು.

ಹಳ್ಳಿಯ ಜಮೀನು ಅಂದೆನಲ್ಲ, ಅದಕ್ಕೊಂದು ಅಳತೆ ಇದೆ. ಗ್ರಾಮೀಣ ಕೃಷಿ ಜಮೀನು ಮಾರಿದರೆ ಲಾಭದ ತೆರಿಗೆಯೇ ಇಲ್ಲ. ಯಾವುದು ಗ್ರಾಮೀಣ ಅನ್ನುವುದು ಪಕ್ಕದ ಊರಿನ ಜನಸಂಖ್ಯೆಯ ಮೇಲೆ. ದಾವಣಗೆರೆ, ಚಿತ್ರದುರ್ಗ ಎರಡೂ ಒಂದರಿಂದ ಹತ್ತು ಲಕ್ಷದ ಗುಂಪಿಗೆ ಸೇರಿವೆ. ಹಾಗಾಗಿ ಊರಿನ ಗಡಿಯಿಂದ 6 ಕಿಲೋಮೀಟರ್ ಆಚೆ ಇರಬೇಕು. ಹರಿಹರ 2011ರ ಜನಗಣತಿಯಲ್ಲಿ ಲಕ್ಷದೊಳಗೇ ಇತ್ತು, ಅಲ್ಲಿ 2 ಕಿಲೋಮೀಟರ್ ಸಾಕು. ರಸ್ತೆಯ ದೂರ ಅಲ್ಲ, ಕಾಗೆ ಹಾರಿದ ದೂರ.

ಜಿಪಿಎ (ನಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ), ಬಾಂಡ್ ಪೇಪರಿನ ಮೇಲಿನ ಒಪ್ಪಂದ, "ಆಮೇಲೆ ರಿಜಿಸ್ಟರ್ ಮಾಡಿಕೊಡ್ತೀವಿ", ಇವನ್ನೆಲ್ಲ ನಾನು ಆಯ್ಕೆ ಅಂತಲೇ ಎಣಿಸುವುದಿಲ್ಲ. ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ದಾನ ಮತ್ತು ವಿಲ್: ನಾಲ್ಕು ತಿಂಗಳ ಚರ್ಚೆ

ಮನೆಗೆ ನಿಜವಾದ ಪೈಪೋಟಿ ಇದ್ದದ್ದು ಈ ಎರಡರ ನಡುವೆ.

ಕುಟುಂಬದೊಳಗಿನ ದಾನ ಪತ್ರಕ್ಕೆ ಕರ್ನಾಟಕದಲ್ಲಿ ಶೇಕಡಾವಾರು ಲೆಕ್ಕ ಇಲ್ಲ. ಮುದ್ರಾಂಕ ಶುಲ್ಕ ಒಂದರಿಂದ ಐದು ಸಾವಿರದೊಳಗಿನ ನಿಗದಿ ಮೊತ್ತ. ಪಾಲಿಕೆ, ಪುರಸಭೆ, ಹಳ್ಳಿ ಅಂತ ವ್ಯತ್ಯಾಸ ಅಷ್ಟೇ. ನೋಂದಣಿ ಶುಲ್ಕವೂ ಸಣ್ಣದು. ಎಲ್ಲ ಸೇರಿ ಸರ್ಕಾರಕ್ಕೆ ಹೋಗುವುದು ಹತ್ತು ಸಾವಿರದೊಳಗೆ. 3,04,000ದ ಮುಂದೆ ಹತ್ತು ಸಾವಿರ! ನನ್ನ ಕಣ್ಣು ಅರಳಿತ್ತು ಅಂತ ಒಪ್ಪಿಕೊಳ್ಳುತ್ತೇನೆ.

ಕುಟುಂಬ ಅಂದರೆ ಯಾರು ಅನ್ನುವುದನ್ನ ಕಾನೂನೇ ಪಟ್ಟಿ ಮಾಡಿದೆ. ಗಂಡ, ಹೆಂಡತಿ, ಮಗ, ಮಗಳು, ಸೊಸೆ, ಅಣ್ಣ-ತಮ್ಮ, ಅಕ್ಕ-ತಂಗಿ, ಮೊಮ್ಮಕ್ಕಳು ಇದ್ದಾರೆ. ಅಣ್ಣನ ಮಗ ಇಲ್ಲ. ಸ್ವಂತ ಮಗನ ಹಾಗೆ ಬೆಳೆಸಿದ್ದರೂ ಅವನಿಗೆ ದಾನ ಬರೆದರೆ ಕ್ರಯದ ಶುಲ್ಕವೇ.

ದಾನಕ್ಕೆ ಇಬ್ಬರು ಸಾಕ್ಷಿ ಬೇಕು, ನೋಂದಣಿ ಕಡ್ಡಾಯ, ಕೊಡುವವರು ಬದುಕಿರುವಾಗಲೇ ಪಡೆಯುವವರು ಒಪ್ಪಿಕೊಳ್ಳಬೇಕು. ಮುಖ್ಯವಾದದ್ದು ಮುಂದಿನದು: ಒಮ್ಮೆ ಕೊಟ್ಟರೆ ಮುಗಿಯಿತು. ಮನಸ್ಸು ಬದಲಾಯಿತು ಅಂತ ವಾಪಸ್ ತಗೊಳ್ಳುವ ಹಾಗಿಲ್ಲ. ಪತ್ರ ಬರಹಗಾರರ ಪ್ರಶ್ನೆ ನನಗೆ ಅರ್ಥವಾಗಿದ್ದು ಆಗ. ದಾನ ಪತ್ರ ರಿಜಿಸ್ಟರ್ ಆದ ಮರುಗಳಿಗೆಯಿಂದ ಅಪ್ಪಾಜಿ ತಾವೇ ಕಟ್ಟಿಸಿದ ಮನೆಯಲ್ಲಿ ನಮ್ಮ ಅತಿಥಿ. ನಾವು ಒಳ್ಳೆಯವರೇ ಇರಬಹುದು. ಆದರೆ ನನಗೆ ಸಾಲಗಾರರು ಗಂಟುಬಿದ್ದರೆ? ಅವರು ಅಪ್ಪಾಜಿ ಕೂತ ಕುರ್ಚಿಯ ಮೇಲಿನ ಸೂರನ್ನೂ ಕೇಳಬಹುದು.

ಇದಕ್ಕೂ ಒಂದು ಬೇಲಿ ಇದೆ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದೇ ಹೋದರೆ, ರದ್ದು ಮಾಡಿಸಬಹುದು. ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಯ ಮುಂದೆ ಇರುವ ನ್ಯಾಯಮಂಡಳಿಗೆ. ಆದರೆ "ಪ್ರೀತಿ ವಿಶ್ವಾಸದಿಂದ" ಅಂತಷ್ಟೇ ಬರೆಸಿದ ಪತ್ರಗಳಲ್ಲಿ ಷರತ್ತು ಇತ್ತೋ ಇಲ್ಲವೋ ಅನ್ನುವುದೇ ಜಗಳವಾಗುತ್ತದೆ. ದಾನವೇ ಬೇಕು ಅನ್ನುವವರು ಎರಡು ಸಾಲು ಜಾಸ್ತಿ ಬರೆಸಿ: ಕೊಡುವವರು ಬದುಕಿರುವವರೆಗೆ ಆ ಮನೆಯಲ್ಲಿ ಇರುವ ಹಕ್ಕು ಉಳಿಸಿಕೊಂಡಿದ್ದಾರೆ, ಪಡೆಯುವವರು ಅವರ ಊಟ ಔಷಧ ನೋಡಿಕೊಳ್ಳಬೇಕು. ಬರೆಸುವಾಗ ಮಕ್ಕಳಿಗೆ ಸ್ವಲ್ಪ ಮುಜುಗರ ಆಗುತ್ತದೆ. ಆಗಲಿ ಬಿಡಿ.

ವಿಲ್‌ಗೆ ಮುದ್ರಾಂಕ ಶುಲ್ಕವೇ ಇಲ್ಲ. ಬಿಳಿ ಹಾಳೆಯಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿದರೆ ಅದು ವಿಲ್. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದ್ದೇ ನಿಲ್ಲುತ್ತದೆ. ಪಿತ್ರಾರ್ಜಿತ ಆಸ್ತಿಯಾದರೆ ತನ್ನ ಪಾಲಿಗಷ್ಟೇ ವಿಲ್ ಬರೆಯಬಹುದು ಅನ್ನುವುದು ನೆನಪಿರಲಿ. ಸತ್ತವರ ಆಸ್ತಿಯ ಮೇಲೆ ಮೊದಲು ಎಸ್ಟೇಟ್ ಡ್ಯೂಟಿ ಅಂತ ಕೇಂದ್ರದ ತೆರಿಗೆ ಇತ್ತು. 1985ರಲ್ಲಿ ತೆಗೆದುಹಾಕಿದರು. ಹಾಗಾಗಿ ವಿಲ್ ಮೂಲಕ ಬಂದ ಮನೆಯಿಂದ ಯಾವ ಖಜಾನೆಗೂ ಹೆಚ್ಚೇನೂ ಸಿಗುವುದಿಲ್ಲ.

ಹಾಗಾದರೆ ವಿಲ್‌ನ ತೊಂದರೆ ಏನು? ಅದು ಮಾತಾಡಲು ಶುರು ಮಾಡುವುದೇ ಬರೆದವರು ಹೋದಮೇಲೆ. ಸಹಿ ಅವರದ್ದಲ್ಲ, ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಅಂತ ಯಾರಾದರೂ ಅಂದರೆ ಸಾಕ್ಷಿಗಳು ಬಂದು ಹೇಳಬೇಕು. ನಮ್ಮ ಬೀದಿಯಲ್ಲೇ ಒಂದು ಮನೆಯಲ್ಲಿ ವಿಲ್‌ಗೆ ಸಹಿ ಹಾಕಿದ ಇಬ್ಬರೂ ಬರೆದವರಿಗಿಂತ ಹಿರಿಯರು. ಬರೆದವರಿಗಿಂತ ಮೊದಲೇ ಇಬ್ಬರೂ ಹೋದರು. ಸಾಕ್ಷಿಗಳು ವಯಸ್ಸಿನಲ್ಲಿ ಚಿಕ್ಕವರಿರಲಿ, ಊರಲ್ಲೇ ಇರುವವರಾಗಿರಲಿ, ಆಸ್ತಿ ಸಿಗುವವರು ಮಾತ್ರ ಬೇಡ. ಬರೆಯುವವರಿಗೆ ವಯಸ್ಸಾಗಿದ್ದರೆ ಅವತ್ತೇ ವೈದ್ಯರಿಂದ ಒಂದು ಚೀಟಿ ಬರೆಸಿಟ್ಟುಕೊಳ್ಳಿ.

ಲಾಭದ ತೆರಿಗೆಯ ಕಣ್ಣಿನಲ್ಲಿ ದಾನ, ವಿಲ್ ಎರಡೂ ಒಂದೇ. ನಾವು ಮುಂದೆ ಮಾರಿದರೆ ಅಪ್ಪಾಜಿ ಕೊಂಡ ಬೆಲೆ, ಕೊಂಡ ದಿನವೇ ನಮ್ಮದೂ ಆಗುತ್ತದೆ. 2001ಕ್ಕಿಂತ ಮೊದಲಿನದಾದರೆ ಆ ವರ್ಷದ ಏಪ್ರಿಲ್ 1ರ ಬೆಲೆ ಹಿಡಿಯಬಹುದು. ಹೆಂಡತಿಗೆ ದಾನ ಮಾಡಿ ಬಾಡಿಗೆ ತೆರಿಗೆ ಉಳಿಸೋಣ ಅಂದುಕೊಂಡವರಿಗೆ ಮಾತ್ರ ನಿರಾಸೆ. ಆ ಬಾಡಿಗೆ ಗಂಡನ ಆದಾಯಕ್ಕೇ ಸೇರುತ್ತದೆ.

ನಾವು ಮನೆಗೆ ವಿಲ್ ಆರಿಸಿಕೊಂಡೆವು. ಇಬ್ಬರೇ ಮಕ್ಕಳು, ಜಗಳ ಇಲ್ಲ, ಅಪ್ಪಾಜಿ ಗಟ್ಟಿಮುಟ್ಟಾಗಿದ್ದಾರೆ. ಮಕ್ಕಳಲ್ಲಿ ಈಗಾಗಲೇ ಬಿರುಕಿದ್ದರೆ, ಒಬ್ಬರು ಮಾತ್ರ ನೋಡಿಕೊಳ್ಳುತ್ತಿದ್ದರೆ, ನಾನು ಷರತ್ತಿನ ದಾನ ಪತ್ರದ ಕಡೆಗೇ ವಾಲುತ್ತಿದ್ದೆ. ವಿಲ್ ಮೇಲೆ ಬೀಳುವಷ್ಟು ಸುಲಭವಾಗಿ ದಾನ ಪತ್ರದ ಮೇಲೆ ತಕರಾರು ಬೀಳುವುದಿಲ್ಲ.

ತೋಟ: ತಂಗಿಯ ಸಹಿ

ತೋಟದ ವಿಷಯಕ್ಕೆ ಬಂದರೆ ಅಪ್ಪಾಜಿ "ನನ್ನದು" ಅನ್ನುವುದೇ ಪೂರ್ತಿ ನಿಜವಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು. ಕರ್ನಾಟಕ 1994ರಲ್ಲೇ ಈ ಕಾನೂನು ಮಾಡಿತ್ತು, ಅದಕ್ಕೆ ಮೊದಲೇ ಮದುವೆಯಾದವರನ್ನ ಬಿಟ್ಟು. 2005ರಲ್ಲಿ ಕೇಂದ್ರ ಮಾಡಿದ ತಿದ್ದುಪಡಿಗೆ ಆ ಷರತ್ತೂ ಇಲ್ಲ. ಆ ತಿದ್ದುಪಡಿ ಜಾರಿಗೆ ಬಂದ ದಿನ ಅಪ್ಪ ಬದುಕಿರಲೇಬೇಕು ಅಂತೇನೂ ಇಲ್ಲ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು.

ಇಲ್ಲಿ ಎರಡು ದಾರಿ. ಒಂದು, ವಿಭಾಗ ಪತ್ರ. ಅಪ್ಪ, ಮಗ, ಮಗಳು ಮೂರು ಪಾಲು ಮಾಡಿಕೊಂಡು ಯಾರದ್ದು ಎಲ್ಲಿಂದ ಎಲ್ಲಿಗೆ ಅಂತ ಚಕ್ಕುಬಂದಿ ಬರೆಯುವುದು. ಇನ್ನೊಂದು, ತಂಗಿ ತನ್ನ ಪಾಲನ್ನು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರ. ಕುಟುಂಬದೊಳಗೆ ಎರಡಕ್ಕೂ ನಿಗದಿ ಶುಲ್ಕ, ಸಾವಿರಗಳಲ್ಲಿ ಮುಗಿಯುತ್ತದೆ. ವಿಭಾಗಕ್ಕೆ ಪಾಲಿಗಿಷ್ಟು ಅಂತ ಲೆಕ್ಕ.

ನಮ್ಮ ಕಡೆ ಬಿಡುಗಡೆ ಪತ್ರಕ್ಕೆ ಒಂದು ಹಳೆ ಚಾಳಿ ಇದೆ. ಹಬ್ಬಕ್ಕೆ ಕರೆದು, ಸೀರೆ ಕೊಟ್ಟು, "ಅರಿಶಿನ ಕುಂಕುಮಕ್ಕೆ" ಅಂತ ಕೈಗೆ ಒಂದಿಷ್ಟು ಇಟ್ಟು, ಹೆಣ್ಣುಮಕ್ಕಳ ಸಹಿ ಹಾಕಿಸಿಕೊಳ್ಳುವುದು. ಶುಲ್ಕ ಕಡಿಮೆ, ಕೆಲಸ ಸಲೀಸು. ಹತ್ತು ವರ್ಷದ ಮೇಲೆ ಅಡಿಕೆ ರೇಟು ಏರಿದಾಗ, "ಓದಿ ಹೇಳದೇ ಸಹಿ ಹಾಕಿಸಿಕೊಂಡರು" ಅಂತ ಕೇಸು. ತಂಗಿಗೆ ನಿಜಕ್ಕೂ ಬೇಡವಾಗಿದ್ದರೆ ಬಿಡುಗಡೆ ಪತ್ರ ಒಳ್ಳೆಯ ಕಾಗದ. ಬೇಕಾಗಿದ್ದರೆ ವಿಭಾಗವೇ ಮಾಡಿ. ನನ್ನ ತಂಗಿಯನ್ನ ಕೇಳಿದಾಗ, "ಬೋರ್‌ವೆಲ್ ಇರೋ ಕಡೆ ನಂಗೆ ಕೊಡು, ಆಮೇಲೆ ಮಾತಾಡೋಣ" ಅಂದಳು. ವಿಭಾಗ ಪತ್ರ ಅಂತ ಅಲ್ಲಿಗೆ ತೀರ್ಮಾನವಾಯಿತು. ನೀರಿನ ಪಾಳಿಯನ್ನೂ ಪತ್ರದಲ್ಲೇ ಬರೆಸಿದೆವು.

ಊರ ಹಿರಿಯರ ಮುಂದೆ ಬಿಳಿ ಹಾಳೆಯಲ್ಲಿ ಮಾಡಿಕೊಂಡ ಪಾಲುಪಟ್ಟಿ ಸಾಕಲ್ವಾ ಅಂತ ಕೇಳುವವರು ಈಗಲೂ ಇದ್ದಾರೆ. ಮನಸ್ತಾಪ ಬರುವವರೆಗೆ ಸಾಕು.

ನಾವು ಎಡವಿದ್ದು ಪಹಣಿಯಲ್ಲಿ. 11ನೇ ಕಾಲಂ ಅಂತ ಒಂದಿದೆ, ಜಮೀನಿನ ಮೇಲಿನ ಸಾಲ ಋಣಗಳು ಕೂರುವ ಜಾಗ. ಅಪ್ಪಾಜಿ ಎಂದೋ ತೀರಿಸಿದ ಒಂದು ಸಾಲದ ನಮೂದು ಅಲ್ಲೇ ಕೂತಿತ್ತು. ಸಾಲ ಕೊಟ್ಟವರ ಹತ್ತಿರ ತೀರುವಳಿ ಪತ್ರ ಕೇಳಿದರೆ, ಹಳೆ ಲೆಡ್ಜರ್ ಹುಡುಕಬೇಕು ಅಂತ ಆರು ವಾರ ಅಲೆಸಿದರು. ಪತ್ರ ಬರೆಸುವ ಮೊದಲು ಪಹಣಿ ತೆಗೆಸಿ ಆ ಕಾಲಂ ನೋಡಿ. ಮನೆ ಸೈಟುಗಳಿಗಾದರೆ ಋಣಭಾರ ಪತ್ರ ಮತ್ತು ಇ-ಖಾತೆ. ಇ-ಖಾತೆ ಇಲ್ಲದೆ ಈಗ ನೋಂದಣಿ ಮುಂದಕ್ಕೆ ಹೋಗುವುದಿಲ್ಲ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು, ಅದಕ್ಕೆ ಮೊದಲೇ ಅರ್ಜಿ ಹಾಕಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಸರ್ಕಾರದ ಅನುಮತಿ ಇಲ್ಲದ ಯಾವ ಮಾರಾಟವೂ ನಿಲ್ಲುವುದಿಲ್ಲ.

ಷೇರು: ಇಲ್ಲಿ ರಾಜ್ಯದ ಕೈ ಹಗುರ

ಡಿಮ್ಯಾಟ್‌ನಲ್ಲಿರುವ ಷೇರನ್ನು ದುಡ್ಡು ತಗೊಳ್ಳದೆ ಮಗಳ ಖಾತೆಗೆ ಹಾಕಿದರೆ ಮುದ್ರಾಂಕ ಶುಲ್ಕ ಇಲ್ಲ. ದುಡ್ಡು ತಗೊಂಡು ಹಾಕಿದರೆ ಶೇ 0.015. ಆದ್ದರಿಂದ ಇಲ್ಲಿ ನೋಡಬೇಕಾದ್ದು ಕೇಂದ್ರದ ತೆರಿಗೆಯನ್ನ. ವರ್ಷ ದಾಟಿದ ಷೇರು ಮಾರಿದರೆ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಮೇಲಿನದಕ್ಕೆ ಶೇ 12.5.

3 ಲಕ್ಷ ಲಾಭ ಇದೆ ಅಂದುಕೊಳ್ಳಿ. ಅಪ್ಪಾಜಿ ಒಂದೇ ವರ್ಷ ಎಲ್ಲ ಮಾರಿ ದುಡ್ಡು ಹಂಚಿದರೆ 1.75 ಲಕ್ಷಕ್ಕೆ 21,875 ರೂಪಾಯಿ ತೆರಿಗೆ. ಮಾರ್ಚಿಯಲ್ಲಿ ಅರ್ಧ, ಏಪ್ರಿಲ್‌ನಲ್ಲಿ ಅರ್ಧ ಮಾರಿದರೆ ಎರಡೂ ವರ್ಷ ಸೇರಿ 6,250. ಮೂರರಲ್ಲಿ ಎರಡು ಪಾಲು ಷೇರನ್ನು ವಯಸ್ಕ ಮಕ್ಕಳಿಬ್ಬರಿಗೆ ದಾನವಾಗಿ ಕೊಟ್ಟು ಮೂವರೂ ಮಾರಿದರೆ, ಬೇರೆ ಷೇರಿನ ಲಾಭ ಯಾರಿಗೂ ಇಲ್ಲದಿದ್ದರೆ, ಸೊನ್ನೆ. ಕೊನೆಯದ್ದು ಕಾಗದದ ಮೇಲೆ ಚೆಂದ. ಅಪ್ಪಾಜಿಗೆ ಅದರ ಫಾರ್ಮು, ಒಟಿಪಿ ನೋಡಿಯೇ ಬೇಸರ ಬಂತು. ಮಾರ್ಚಿ, ಏಪ್ರಿಲ್ ದಾರಿಗೇ ಹೋದೆವು.

ಮಾರದೆ ಉಳಿಸಿದ್ದಕ್ಕೆ ನಾಮಿನಿ ಹೆಸರು ಹಾಕಿಸಿ. ಆದರೆ ನಾಮಿನಿ ಅಂದರೆ ಮಾಲೀಕ ಅಂತ ತಿಳಿಯಬೇಡಿ. ಷೇರಿನ ನಾಮಿನಿಯೂ ವಾರಸುದಾರರ ಪರವಾಗಿ ಹಿಡಿದಿಟ್ಟುಕೊಂಡವರಷ್ಟೇ ಅಂತ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಹೇಳಿದೆ. ಹಾಗಾಗಿ ವಿಲ್‌ನಲ್ಲಿ ಮನೆಯ ಜೊತೆ ಡಿಮ್ಯಾಟ್ ಖಾತೆಯದ್ದೂ ಒಂದು ಸಾಲು ಸೇರಿಸಿದೆವು.

ಕಚೇರಿಗೆ ಹೋಗುವ ದಿನ

ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಮಾರ್ಗಸೂಚಿ ಬೆಲೆ, ಶುಲ್ಕದ ಲೆಕ್ಕ ಎರಡೂ ಸಿಗುತ್ತವೆ. ಹಿಂದಿನ ದಿನ ನೋಡಿಕೊಂಡೇ ಹೋಗಿ, ದರ ಬದಲಾಗುತ್ತಲೇ ಇರುತ್ತದೆ. ಜಿಲ್ಲೆಯೊಳಗಿನ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ದಾವಣಗೆರೆಯಲ್ಲಿ ಸರದಿ ಸಿಗದಿದ್ದರೆ ಹರಿಹರ ನೋಡಿ. ಸಹಿ ಮಾಡಿದ ಪತ್ರವನ್ನು ನಾಲ್ಕು ತಿಂಗಳೊಳಗೆ ಹಾಜರುಪಡಿಸಬೇಕು. ವಿಲ್‌ಗೆ ಮಾತ್ರ ಆ ಗಡುವಿಲ್ಲ. ಹಾಸಿಗೆ ಹಿಡಿದವರಿದ್ದರೆ ಅರ್ಜಿ ಕೊಟ್ಟು ಅಧಿಕಾರಿಯನ್ನು ಮನೆಗೇ ಕರೆಸಿಕೊಳ್ಳುವ ಅವಕಾಶ ಕಾನೂನಿನಲ್ಲಿದೆ.

ನಮ್ಮ ಸರದಿ ಬಂದಾಗ ಬೆರಳಚ್ಚಿನ ಯಂತ್ರ ಅಪ್ಪಾಜಿಯ ಹೆಬ್ಬೆರಳನ್ನು ಒಪ್ಪಲೇ ಇಲ್ಲ. ತೋಟದ ಕೆಲಸದಲ್ಲಿ ಗೆರೆಗಳೆಲ್ಲ ಸವೆದಿವೆ. ಒರೆಸಿ ಇಟ್ಟರು, ಒತ್ತಿ ಇಟ್ಟರು. ತಂಗಿ ತನ್ನ ವ್ಯಾನಿಟಿ ಬ್ಯಾಗಿನಿಂದ ವ್ಯಾಸಲೀನ್ ತೆಗೆದು ಹಚ್ಚಿ, ಉಜ್ಜಿ, ಒರೆಸಿ ಮತ್ತೆ ಇಡಿಸಿದಳು. ನಾಲ್ಕನೇ ಸಲಕ್ಕೆ ಹಸಿರು ದೀಪ ಬಂತು. ವಿಭಾಗ ಪತ್ರ, ವಿಲ್ ಎರಡೂ ಅವತ್ತೇ ಮುಗಿದವು.

ಉಳಿದದ್ದು ಗಿರಣಿಯ ಆ ಷೇರು ಪತ್ರ. ಷೇರುಪೇಟೆಯ ಪಟ್ಟಿಯಲ್ಲಿರುವ ಕಂಪನಿಗಳ ಕಾಗದದ ಷೇರನ್ನು 2019ರ ಏಪ್ರಿಲ್‌ನಿಂದ ಹಾಗೇ ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ, ಮೊದಲು ಡಿಮ್ಯಾಟ್ ಮಾಡಿಸಬೇಕು. ಏಳು ವರ್ಷ ಲಾಭಾಂಶ ಕೇಳದೇ ಬಿಟ್ಟಿದ್ದರೆ ಷೇರು ಕೇಂದ್ರದ ಹೂಡಿಕೆದಾರರ ನಿಧಿಗೆ ಹೋಗಿರುತ್ತದೆ, ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು. ನಮ್ಮದಕ್ಕೆ ಇದ್ಯಾವುದೂ ಬೇಕಾಗಲಿಲ್ಲ. ಗಿರಣಿ ಮುಚ್ಚಿ, ಕಂಪನಿಯೂ ಬರಖಾಸ್ತಾಗಿ ಎಷ್ಟೋ ವರ್ಷವಾಗಿತ್ತು. ಎಸೆಯಲಾ ಅಂತ ಕೇಳಿದೆ. ಅಪ್ಪಾಜಿ ಅದನ್ನ ಇಸ್ಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದಕ್ಕೆ ನಾಮಿನಿ ಯಾರೂ ಬೇಡ" ಅಂದು, ಮಡಚಿ, ವಿಲ್‌ನ ನಕಲಿನ ಜೊತೆ ಟ್ರಂಕಿನಲ್ಲೇ ಇಟ್ಟರು.